ಸಾಕ್ರೀ ಅನ್ನುವ ಧೈರ್ಯ

ಜಮಖಂಡಿಯ ಓದುಗರೊಬ್ಬರ ಪತ್ರ: ‘ಬಾರ್ ಸಪ್ಲಾಯರ್‌ಗಳಿಗೆ ತರಬೇತಿ ಬೇಕೆಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಕುಡಿಯುವವ ಬೆಳೆದವ, ದುಡ್ಡೂ ಅವನದೇ. ಎಷ್ಟು ಕುಡಿದ ಅಂತ ಎಣಿಸಲಿಕ್ಕೆ ಸಪ್ಲಾಯರ್ ಏನು ಅವನ ಹಡೆದವ್ವನೇ?’

ಸಂಪಾದಕರ ಉತ್ತರ:

ಹಡೆದವ್ವ ಅಲ್ಲ, ಒಪ್ಪಿದೆವು. ಆದರೆ ಎಣಿಸುವುದನ್ನು ಅವನು ಈಗಲೂ ಎಣಿಸುತ್ತಾನೆ, ಬಿಲ್ಲಿಗಾಗಿ!

ಕಬ್ಬಿನ ಕಾಟಾದಲ್ಲಿ ತೂಕ ಹೊಡೆದರೆ ಕಾರ್ಖಾನೆ ಗೇಟಿಗೆ ಹೋಗಿ ಕೂರುವ ಸೀಮೆಯವರು ನೀವು. ಅದೇ ಕಬ್ಬಿನ ಕಾಕಂಬಿಯಿಂದ ಇಳಿದ ರಮ್ಮಿನ ಅಳತೆಗೆ ಮಾತ್ರ ಈ ಉದಾಸೀನ ಏಕೆ? ಶೇ 42.8ರ ರಮ್ಮಿನ 30 ಮಿ.ಲೀ. ಪೆಗ್‌ನಲ್ಲಿ ಸುಮಾರು 10 ಗ್ರಾಂ ಶುದ್ಧ ಆಲ್ಕೋಹಾಲ್, 180 ಮಿ.ಲೀ. ಕ್ವಾರ್ಟರಿನಲ್ಲಿ 60. ‘ಬರೇ ಬಿಯರ್ರಿ’ ಅನ್ನುವ 650 ಮಿ.ಲೀ. ಸ್ಟ್ರಾಂಗ್ ಬಾಟಲಿ ಶೇ 8ರದಾದರೆ ನಾಲ್ಕು ಪೆಗ್ಗಿಗೆ ಸಮ. ಲಿವರ್ ಕರಗಿಸುವುದು ಗಂಟೆಗೆ ಏಳೆಂಟು ಗ್ರಾಂ. ಮೋಟಾರು ವಾಹನ ಕಾಯ್ದೆಯ ಮಿತಿಯೋ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. ಅರವತ್ತು ಕಿಲೋದ ಮನುಷ್ಯ ಖಾಲಿ ಹೊಟ್ಟೆಯಲ್ಲಿ ಬಡಬಡ ಎರಡು ಪೆಗ್ ಇಳಿಸಿದರೆ ಆ ಗೆರೆ ದಾಟಿದಂತೆಯೇ.

ಲೆಕ್ಕ ತಪ್ಪುವುದು ಎಲ್ಲಿ ಗೊತ್ತೇ? ಅರ್ಧ ಗ್ಲಾಸಿಗೇ ಮತ್ತೆ ಸುರಿಯುವಲ್ಲಿ. ಅಳತೆ ಲೋಟ ಬದಿಗಿಟ್ಟು ಕಣ್ಣಳತೆಯಲ್ಲಿ ಬಗ್ಗಿಸುವಲ್ಲಿ. ಗ್ಲಾಸು ಖಾಲಿಯಾದ ಮೇಲೆಯೇ ಹೊಸದು, ನಡುವೆ ನೀರು, ಕೇಳದಿದ್ದರೂ ರೊಟ್ಟಿ ಊಟದ ಮಾತು: ಇಷ್ಟರಿಂದಲೇ ಓಟ ನಿಧಾನವಾಗುತ್ತದೆ. ಒಂದೇ ಮಾತು ಮೂರು ಸಲ ಬಂದರೆ, ನೋಟು ಎಣಿಸುವಾಗ ಬೆರಳು ತಡವರಿಸಿದರೆ ಬಾಟಲಿ ಒಳಗೆ ಹೋಗಬೇಕು. ಟೇಬಲ್ಲಿನ ಎದುರು ‘ನಿಮಗೆ ಜಾಸ್ತಿ ಆಗೈತ್ರಿ’ ಅಂದರೆ ಜಗಳ ಖಾತ್ರಿ. ಜೊತೆಗಿರುವ ಕುಡಿಯದ ಗೆಳೆಯನನ್ನು ಬದಿಗೆ ಕರೆದು ಹೇಳಿ, ಬೈಕಿನ ಕೀಲಿ ಅವನ ಕೈಗೆ ಸೇರಿಸಬೇಕು. ಕೊನೆಯ ಪೆಗ್ ಮುಗಿದ ಮೇಲೂ ಅರ್ಧ-ಮುಕ್ಕಾಲು ಗಂಟೆ ಅಮಲು ಏರುತ್ತಲೇ ಇರುತ್ತದೆ. ಮಜ್ಜಿಗೆ, ನಿಂಬೆಹುಳಿ, ಚಹಾ ಯಾವುದೂ ಅದನ್ನು ಇಳಿಸದು. ಗೊರಕೆ ಹೊಡೆದು ಬಿದ್ದವನನ್ನು ಅಂಗಾತ ಬಿಡದೆ ಪಕ್ಕಕ್ಕೆ ಹೊರಳಿಸಿ. ವಾಂತಿ ಉಸಿರಿಗೆ ಅಡ್ಡವಾದರೆ ಮುಗಿಯಿತು. ಎಬ್ಬಿಸಿದರೂ ಏಳದಿದ್ದರೆ 108.

ಇನ್ನು ವಯಸ್ಸು. ಗೋವಾದಲ್ಲಿ 18, ನಮ್ಮ ಅಬಕಾರಿ ನಿಯಮಗಳಲ್ಲಿ 21, ಮಹಾರಾಷ್ಟ್ರದಲ್ಲಿ ವಿಸ್ಕಿಗೆ 25. ಚೋರ್ಲಾ ಘಾಟು ಒಂದು ಕಡೆ, ನಿಪ್ಪಾಣಿ ಗಡಿ ಇನ್ನೊಂದು ಕಡೆ ಇರುವ ಬೆಳಗಾವಿಯ ಸಪ್ಲಾಯರ್ ಮೀಸೆ ನೋಡಿ ಅಂದಾಜು ಕಟ್ಟಿದರೆ ಕೆಟ್ಟ. ಹದಿನೆಂಟು ತುಂಬದವನಿಗೆ ಕೊಟ್ಟರೆ 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಮಿನಲ್ಲಿ ಏಳು ವರ್ಷದವರೆಗೆ ಕಠಿಣ ಶಿಕ್ಷೆ, ಒಂದು ಲಕ್ಷದವರೆಗೆ ದಂಡ. 2024ರ ಮೇನಲ್ಲಿ ಪುಣೆಯಲ್ಲಿ ಹದಿನೇಳರ ಹುಡುಗನ ಕಾರು ಇಬ್ಬರನ್ನು ಬಲಿ ತೆಗೆದುಕೊಂಡಾಗ, ಅವನಿಗೆ ಮದ್ಯ ಕೊಟ್ಟ ಬಾರುಗಳವರೂ ಬಂಧನಕ್ಕೊಳಗಾದರು.

ಹೆಂಡ ಮಾರುವುದನ್ನೇ ಕಾಯಕವಾಗಿಸಿಕೊಂಡ ಹೆಂಡದ ಮಾರಯ್ಯನನ್ನು ಶರಣರು ತಮ್ಮ ಸಾಲಿನಲ್ಲೇ ಕೂರಿಸಿಕೊಂಡರು. ನಾವು ಸಪ್ಲಾಯರ್‌ನನ್ನು ‘ಏ ತಮ್ಮಾ’ ಎಂದು ಕೂಗುತ್ತೇವೆ. ಅವನ ನಿಜವಾದ ಗಳಿಕೆ ಟಿಪ್ಸು, ಟಿಪ್ಸು ಕೈ ಬಿಚ್ಚಿ ಬರುವುದು ಕೊನೆಯ ಪೆಗ್ಗಿಗೆ. ಸಾಕ್ರೀ ಅಂದವನಿಗೆ ಬೈಗುಳ, ಒಮ್ಮೊಮ್ಮೆ ಏಟು. ಲೈಸೆನ್ಸ್ ಶುಲ್ಕವನ್ನು ಲಕ್ಷಗಳಲ್ಲಿ ಎಣಿಸಿಕೊಳ್ಳುವ ಸರ್ಕಾರಕ್ಕೆ ಈ ಹುಡುಗನಿಗೆ ಒಂದು ದಿನದ ಪಾಠ ಹೇಳಿಸಲು ಬಿಡುವಿಲ್ಲ. ಮೆನು ಕಾರ್ಡಿನಲ್ಲಿ ಬೆಲೆ ಇದೆ, ಬಲ ಇಲ್ಲ. ಬಾಟಲಿಯ ಮೇಲಿನ ಶೇಕಡಾವಾರು ಓದಲು ಭೂತಗನ್ನಡಿ ಬೇಕು.

ನಿಮ್ಮಂಥ ಖಡಕ್ ಓದುಗರಿಂದ ಒಂದು ಕೆಲಸ ಆಗಬೇಕು. ನಿಮ್ಮೂರಿನ ಬಾರಿನ ಪೆಗ್ ಲೋಟದ ಮೇಲೆ ತೂಕ-ಅಳತೆ ಇಲಾಖೆಯ ಮುದ್ರೆ ಇದೆಯೇ ನೋಡಿ ಬರೆಯಿರಿ; ಪ್ರಕಟಿಸುತ್ತೇವೆ.