ಮೂಲಂಗಿ ಜೊತೆ ಮನೆಗೆ ಬರೋ ಮಣ್ಣು

ಪ್ರಶ್ನೆ: ಮಳೆ ಬಂದ ಮಾರನೇ ದಿನ ಮಾರ್ಕೆಟ್‌ನಿಂದ ಮೂಲಂಗಿ, ಕ್ಯಾರೆಟ್ ತಂದು ತೊಳೆದರೆ ಸಿಂಕ್ ತುಂಬಾ ಕೆಮ್ಮಣ್ಣು. ಎರಡು ಸಲ ಪೈಪ್ ಕಟ್ಟಿಕೊಂಡಿದೆ. 'ಹೊಲದ ಮಣ್ಣೆಲ್ಲ ಹೀಗೇ ಊರು ಬಿಡೋದು ಅಮ್ಮ' ಅಂತಾಳೆ ಮಗಳು. ನನಗೆ ನಗು ಬಂತು. ನಿಜವಾ? ಈ ಮಣ್ಣನ್ನು ಕುಂಡಕ್ಕೆ ಹಾಕಬಹುದಾ?
— ಒಬ್ಬ ಗೃಹಿಣಿ, ಬಸವನಗುಡಿ

ಉತ್ತರ: ನಗಬೇಡಿ ಅಮ್ಮಾ, ಮಗಳು ಹೇಳಿದ್ದು ಸರಿ. ಮಣ್ಣಿನ ಸವಕಳಿ ಅಂದರೆ ನಮಗೆ ಮಳೆ, ಗಾಳಿ ಅಷ್ಟೇ ನೆನಪಾಗುತ್ತದೆ. ಗೆಡ್ಡೆಗೆ ಅಂಟಿಕೊಂಡು ಹೋಗುವ ಮಣ್ಣು ಯಾರ ಲೆಕ್ಕಕ್ಕೂ ಬರಲ್ಲ. ಲೆಕ್ಕ ಇಟ್ಟವರು ಯುರೋಪಿನವರು, ಅದೂ ದುಡ್ಡಿನ ಕಾರಣಕ್ಕೆ. ಮಂಡ್ಯದಲ್ಲಿ ಕಬ್ಬು ಬೆಳೆದ ಹಾಗೆ ಅಲ್ಲಿ ಸಕ್ಕರೆಗೆ ಬೀಟ್ ಬೆಳೆಯುತ್ತಾರೆ, ಲಾರಿ ಕಾರ್ಖಾನೆಗೆ ಬಂದಾಗ ಸ್ಯಾಂಪಲ್ ತೆಗೆದು, ತೊಳೆದು, ಮಣ್ಣಿನ ತೂಕ ಕಳೆದೇ ರೈತನಿಗೆ ಹಣ ಕೊಡುತ್ತಾರೆ. ಬೆಲ್ಜಿಯಂನಲ್ಲಿ ಒಂದು ಕೊಯ್ಲಿಗೆ ಹೆಕ್ಟೇರಿಗೆ ಸುಮಾರು 9 ಟನ್ ಮಣ್ಣು ಹೀಗೆ ಹೋಗುತ್ತದೆ. ಎಕರೆಗೆ ಮೂರೂವರೆ ಟನ್ ಮೇಲೇ ಆಯಿತು! ಹೊಲದ ತುಂಬಾ ಹರಡಿದರೆ ಒಂದು ಮಿಲಿಮೀಟರೂ ದಪ್ಪ ಆಗಲ್ಲ, ನಿಜ. ಆದರೆ ಅಷ್ಟು ಮಣ್ಣು ಹುಟ್ಟೋಕೆ ಎಷ್ಟೋ ವರ್ಷ ಬೇಕು. 2019ರ ಒಂದು ಅಂದಾಜಿನ ಪ್ರಕಾರ ಇಡೀ ಐರೋಪ್ಯ ಒಕ್ಕೂಟದಲ್ಲಿ ಬೀಟ್, ಆಲೂಗಡ್ಡೆ ಸೇರಿ ವರ್ಷಕ್ಕೆ 1.47 ಕೋಟಿ ಟನ್.

ನಮ್ಮ ಮಾಲೂರು, ಚಿಕ್ಕಬಳ್ಳಾಪುರದ ಕಡೆ ಕೈಯಲ್ಲಿ ಕಿತ್ತು ಒಂದು ಸಲ ಕೊಡವುತ್ತಾರೆ. ಮಣ್ಣು ಒಣಗಿದ್ದರೆ ಉದುರುತ್ತದೆ. ಹಸಿ ಇದ್ದರೆ, ಅದರಲ್ಲೂ ಜೇಡಿಮಣ್ಣಾದರೆ, ಏನು ಮಾಡಿದರೂ ಬಿಡಲ್ಲ. ಕವಲೊಡೆದು ಎರಡು ಕಾಲಾದ ಮೂಲಂಗಿ ನೋಡಿದ್ದೀರಲ್ವಾ? ಆ ಸಂದಿಯಲ್ಲಿ ಸಣ್ಣ ಮುದ್ದೆಯಷ್ಟು ಮಣ್ಣು ಕೂತಿರುತ್ತದೆ. ಹೊಲ ಒಣಗೋ ತನಕ ಕಾಯಿರಿ ಅಂತ ಇಲ್ಲಿ ಕೂತು ಹೇಳೋದು ಸುಲಭ, ಒಳ್ಳೇ ರೇಟ್ ಇರೋ ದಿನ ಯಾವ ರೈತ ಕಾಯುತ್ತಾನೆ ಹೇಳಿ?

ಸಿಂಕ್ ಬಿಡಿ, ಬಕೆಟ್‌ನಲ್ಲಿ ತೊಳೆಯಿರಿ. ನಾನು ರಾತ್ರಿಯಿಡೀ ಹಾಗೇ ಬಿಡುತ್ತೇನೆ. ಬೆಳಿಗ್ಗೆ ಮೇಲಿನ ತಿಳಿನೀರು ಗಿಡಕ್ಕೆ, ತಳದಲ್ಲಿ ಬೆಣ್ಣೆ ಥರ ಕೂತ ಗೋಡು ಕುಂಡಕ್ಕೆ. ಟೊಮೆಟೊ, ಬದನೆ ಕುಂಡಕ್ಕೆ ಮಾತ್ರ ಬೇಡ. ಬೇರಿನಲ್ಲಿ ಗಂಟು ಕಟ್ಟಿಸುವ ಜಂತುಹುಳು ಕ್ಯಾರೆಟ್ ಹೊಲದ ಮಣ್ಣಿನಲ್ಲೂ ಇರಬಹುದು, ಕಣ್ಣಿಗೆ ಕಾಣಲ್ಲ.

ಅಂದ ಹಾಗೆ, ನಿಮ್ಮದು ಪರಿಷೆ ಬೀದಿ. ಹಸಿ ಕಡಲೆಕಾಯಿ ಬೇಯಿಸೋ ಮುಂಚೆ ಮೂರು ನೀರಲ್ಲಿ ತೊಳೆಯುತ್ತೀರಲ್ಲ, ಆ ಕೆಂಪು ನೀರೂ ಇದೇ ಲೆಕ್ಕಕ್ಕೆ ಸೇರಿದ್ದು.