ಕುಂಟುತ್ತಾ ಹೊಡೆದ ಆ ಹೋಮ್ ರನ್‌ಗೆ ಪ್ರಶಸ್ತಿ ಬಂತಾ?

ಬೇಸ್‌ಬಾಲ್‌ನಲ್ಲಿ ಮರೆಯಲಾಗದ ಕ್ಷಣ ಯಾವುದು, ಆ ಆಟಗಾರನಿಗೆ ಪ್ರಶಸ್ತಿ ಸಿಕ್ಕಿತಾ ಅಂತ ಕೇಳಿದ್ದೀರಿ. ನನಗಂತೂ 1988ರಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಕರ್ಕ್ ಗಿಬ್ಸನ್ ಹೊಡೆದ ಹೋಮ್ ರನ್. ಪ್ರಶಸ್ತಿಯೂ ಬಂತು, ಆದರೆ ಈ ಹೊಡೆತಕ್ಕಲ್ಲ.

ಅಕ್ಟೋಬರ್ 15, ವರ್ಲ್ಡ್ ಸೀರೀಸ್ ಅನ್ನೋ ಫೈನಲ್ ಸರಣಿಯ ಮೊದಲ ಪಂದ್ಯ, ಲಾಸ್ ಏಂಜಲೀಸ್. ಒಂಬತ್ತನೇ, ಅಂದರೆ ಕೊನೆಯ ಇನ್ನಿಂಗ್ಸ್, ಎರಡು ಔಟ್ (ಮೂರಾದರೆ ಮುಗೀತು), ಎದುರಾಳಿ ಓಕ್ಲೆಂಡ್ 4-3ರಿಂದ ಮುಂದಿದೆ. ಅವರ ಪಿಚರ್ (ಚೆಂಡು ಎಸೆಯುವವ) ಡೆನಿಸ್ ಎಕರ್ಸ್‌ಲಿ. ಕೊನೆಯಲ್ಲಿ ಬಂದು ಗೆಲುವು ಕಾಪಾಡೋದೇ ಅವನ ಕೆಲಸ, ಆ ಸೀಸನ್‌ನಲ್ಲಿ 45 ಸಲ ಕಾಪಾಡಿದ್ದ. ಒಬ್ಬ ಡಾಡ್ಜರ್ಸ್ ಆಟಗಾರ ಬೇಸ್ ಮೇಲಿದ್ದ. ಆಗ ಗಿಬ್ಸನ್ ಬಂದ. ಎರಡೂ ಕಾಲಿಗೆ ಪೆಟ್ಟು: ಎಡತೊಡೆಯ ಸ್ನಾಯು, ಬಲಮೊಣಕಾಲು. ಅವತ್ತು ಆಡೋದೇ ಇಲ್ಲ ಅಂದುಕೊಂಡಿದ್ದರು.

ಮೊದಲ ಹೊಡೆತಗಳೆಲ್ಲಾ ಫೌಲ್, ಅಂದರೆ ಗೆರೆಯಾಚೆ. ಒಮ್ಮೆ ಚೆಂಡು ಗೆರೆ ಪಕ್ಕ ಉರುಳಿದಾಗ ಕುಂಟಿಕೊಂಡು ಓಡಿದ್ದು ನೋಡಿದರೆ ಅಯ್ಯೋ ಅನಿಸುತ್ತದೆ. ಮೂರು ಬಾಲ್ (ಕೆಟ್ಟ ಎಸೆತ), ಎರಡು ಸ್ಟ್ರೈಕ್ ಆಯಿತು. ಇನ್ನೊಂದು ಸ್ಟ್ರೈಕ್ ಆದರೆ ಮ್ಯಾಚ್ ಮುಗೀತು. ಗಿಬ್ಸನ್ ಕೈ ತೋರಿಸಿ ಒಂದು ಕ್ಷಣ ಆಟ ನಿಲ್ಲಿಸಿ ಪಕ್ಕಕ್ಕೆ ಸರಿದ. ಎಡಗೈ ಬ್ಯಾಟರ್‌ಗೆ ಈ ಲೆಕ್ಕದಲ್ಲಿ ಎಕರ್ಸ್‌ಲಿ ಹಾಕೋದು ಹೊರಗಿನಿಂದ ಒಳಕ್ಕೆ ತಿರುಗುವ ಸ್ಲೈಡರ್ ಅಂತ ತಂಡದ ಸ್ಕೌಟ್ (ಎದುರಾಳಿಗಳ ಆಟ ಗಮನಿಸುವವ) ಮೆಲ್ ಡಿಡಿಯರ್ ಮೊದಲೇ ಹೇಳಿಟ್ಟಿದ್ದ. ಅದೇ ಬಂತು. ಕಾಲಲ್ಲಿ ಬಲ ಇಲ್ಲ, ಬರೀ ತೋಳಿನಿಂದಲೇ ಬೀಸಿದ. ಚೆಂಡು ಬಲಗಡೆ ಗ್ಯಾಲರಿಗೆ, ಬೇಸ್ ಮೇಲಿದ್ದವನದೂ ಸೇರಿ ಎರಡು ರನ್, ಡಾಡ್ಜರ್ಸ್‌ಗೆ 5-4 ಗೆಲುವು. ನಮ್ಮ ಸಿಕ್ಸರ್ ಥರ ನಿಂತಲ್ಲೇ ನಿಲ್ಲುವ ಹಾಗಿಲ್ಲ, ನಾಲ್ಕೂ ಬೇಸ್ ಮುಟ್ಟಲೇಬೇಕಲ್ವಾ? ಆ ಕುಂಟು ಓಟವೇ ಜನರ ನೆನಪಿನಲ್ಲಿ ಉಳಿದದ್ದು. ಟಿವಿಯಲ್ಲಿ ಕಾಮೆಂಟರಿ ಹೇಳುತ್ತಿದ್ದ ವಿನ್ ಸ್ಕಲ್ಲಿ ಒಂದು ನಿಮಿಷಕ್ಕೂ ಜಾಸ್ತಿ ಬಾಯಿ ಬಿಡಲಿಲ್ಲ.

ಆ ಸರಣಿಯಲ್ಲಿ ಗಿಬ್ಸನ್ ಬ್ಯಾಟ್ ಹಿಡಿದದ್ದು ಅದೊಂದೇ ಸಲ. ಡಾಡ್ಜರ್ಸ್ 4-1ರಿಂದ ಗೆದ್ದಿತು. ಸರಣಿಯ ಶ್ರೇಷ್ಠ ಆಟಗಾರ ಎರಡು ಪಂದ್ಯ ಗೆಲ್ಲಿಸಿದ ಪಿಚರ್ ಓರೆಲ್ ಹರ್ಶೈಸರ್. ಲೀಗ್‌ನ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿಯೂ ಅವನಿಗೇ, ಸರಿಯಾಗಿಯೇ ಇದೆ.

ಗಿಬ್ಸನ್‌ಗೆ ಸಿಕ್ಕಿದ್ದು ನ್ಯಾಷನಲ್ ಲೀಗ್‌ನ ಎಂವಿಪಿ, ಅಂದರೆ ಸೀಸನ್‌ನ ಅತ್ಯಮೂಲ್ಯ ಆಟಗಾರ ಪ್ರಶಸ್ತಿ. ಅದಕ್ಕೆ ಪತ್ರಕರ್ತರು ಮತ ಹಾಕೋದು ಲೀಗ್ ಪಂದ್ಯಗಳು ಮುಗಿದ ಕೂಡಲೇ, ಪ್ಲೇಆಫ್‌ಗೂ ಮುಂಚೆ. ಹಾಗಾಗಿ ಈ ಹೋಮ್ ರನ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ಅವನದು 25 ಹೋಮ್ ರನ್, ಮತದಲ್ಲಿ ಎರಡನೇ ಸ್ಥಾನ ಪಡೆದ ಡ್ಯಾರಿಲ್ ಸ್ಟ್ರಾಬೆರಿಯದು 39. ತಂಡಕ್ಕೆ ಕಿಚ್ಚು ಹಚ್ಚಿದ ಅಂತ ಗಿಬ್ಸನ್‌ಗೆ ಕೊಟ್ಟರು ಅನ್ನುತ್ತಾರೆ. ನನ್ನ ಮತ ಇದ್ದಿದ್ದರೆ ಸ್ಟ್ರಾಬೆರಿಗೇ ಹೋಗುತ್ತಿತ್ತು.

ಅಂದಹಾಗೆ, ಅವತ್ತು ಸೋತ ಎಕರ್ಸ್‌ಲಿ 1992ರಲ್ಲಿ ಸೈ ಯಂಗ್, ಎಂವಿಪಿ ಎರಡನ್ನೂ ಒಟ್ಟಿಗೆ ಬಾಚಿಕೊಂಡ.