ಡ್ರೈವರ್‌ನಲ್ಲಿ ದೂರ ಹೊಡೆಯಬೇಕಾ, ಐರನ್‌ನಲ್ಲಿ ನೇರ ಹೊಡೆದರೆ ಸಾಕಾ?

ನಿಮ್ಮ ಪ್ರಶ್ನೆ ಓದಿ ನಗು ಬಂತು. ಕೆಲವು ವರ್ಷದ ಹಿಂದೆ ನಾನೂ ಸಿಕ್ಕಸಿಕ್ಕವರನ್ನೆಲ್ಲ ಇದನ್ನೇ ಕೇಳುತ್ತಿದ್ದೆ. ನೀವು ಬರೆದಿರುವುದು ಇಷ್ಟು: ಇರುವುದು ಚಿತ್ರದುರ್ಗದಲ್ಲಿ, ತಿಂಗಳಿಗೆ ಒಂದೋ ಎರಡೋ ಸಲ ಬೆಂಗಳೂರಿಗೆ ಹೋಗಿ ಗಾಲ್ಫ್ ಆಡುತ್ತೀರಿ, ಸ್ಕೋರು (ಒಟ್ಟು ಹೊಡೆತ) ನೂರರ ಆಸುಪಾಸು. ಡ್ರೈವರ್ (ಎಲ್ಲಕ್ಕಿಂತ ದೂರ ಹೊಡೆಯುವ ಉದ್ದನೆ ಕೋಲು) ಸರಿಯಾಗಿ ಸಿಕ್ಕರೆ 220 ಯಾರ್ಡ್, ಆದರೆ ಬಲಕ್ಕೆ ತಿರುಗುತ್ತದೆ. ಹದಿನೆಂಟು ಹೋಲಿನ ರೌಂಡಿಗೆ ಎರಡು ಚೆಂಡು ಓಬಿ, ಅಂದರೆ ಕೋರ್ಸಿನ ಗಡಿಯಾಚೆ. ಜೊತೆಗೆ ಆಡುವವರೊಬ್ಬರು "ಡ್ರೈವರ್ ಬ್ಯಾಗಿನಲ್ಲೇ ಇರಲಿ, 7 ಐರನ್ ಹೊಡೀರಿ, ನೇರ ಹೋದರೆ ಸಾಕು" ಅನ್ನುತ್ತಾರೆ. (7 ಐರನ್ ಅಂದರೆ ಡ್ರೈವರ್‌ಗಿಂತ ಚಿಕ್ಕದಾದ, ಕಡಿಮೆ ದೂರ ಹೊಡೆಯುವ ಕೋಲು.) ಅವರ ಮಾತು ಕೇಳಲಾ, ಇಲ್ಲಾ ಹೊಸ ಡ್ರೈವರ್ ತಗೊಳ್ಳಲಾ ಅನ್ನುವುದು ನಿಮ್ಮ ಗೊಂದಲ.

ಎರಡೂ ಬೇಡ. 7 ಐರನ್ ಮಾತನ್ನು ನಾನು ಕೇಳಿ ನೋಡಿದ್ದೇನೆ.

ನಾನು ದಾವಣಗೆರೆಯವನು. ಬ್ಯಾಂಕಿನಲ್ಲಿದ್ದೆ, ಈಗ ನಿವೃತ್ತ. ಮೈಸೂರಿಗೆ ವರ್ಗವಾಗಿದ್ದಾಗ ಮ್ಯಾನೇಜರ್ ಒಬ್ಬರ ಸಹವಾಸದಿಂದ ಈ ಚಟ ಹತ್ತಿತು. ಊರಿಗೆ ವಾಪಸ್ ಬಂದ ಮೇಲೆ ಆಡಬೇಕಂದರೆ ಚಿಕ್ಕಮಗಳೂರಿಗೋ ಬೆಂಗಳೂರಿಗೋ ಕಾರು ಹತ್ತಬೇಕು. ಅಷ್ಟು ದೂರ ಹೋಗಿ ಮೊದಲನೇ ಟೀಯಲ್ಲೇ (ಹೋಲಿನ ಮೊದಲ ಹೊಡೆತ ಹೊಡೆಯುವ ಜಾಗ) ಚೆಂಡು ಕಳೆದುಕೊಂಡರೆ ಹೊಟ್ಟೆ ಉರಿಯುತ್ತದೆ, ಅಲ್ವಾ? ಹಾಗಾಗಿ ಒಂದು ವರ್ಷ ಹಟ ಹಿಡಿದು ಐರನ್ನಿನಲ್ಲೇ ಟೀ ಹೊಡೆದೆ. ಚೆಂಡು ಕಳೆಯುವುದು ನಿಂತಿತು. ಸ್ಕೋರು ಮಾತ್ರ ಇಳಿಯಲಿಲ್ಲ. ಒಂದೆರಡು ಏರಿತು ಅಂತಲೇ ಹೇಳಬೇಕು. ಪ್ರತಿ ಹೋಲಿನಲ್ಲೂ ಫೇರ್‌ವೇ (ಹುಲ್ಲು ಕತ್ತರಿಸಿದ ದಾರಿ) ಮಧ್ಯೆ ಅಚ್ಚುಕಟ್ಟಾಗಿ ನಿಂತಿರುತ್ತಿದ್ದೆ, ಗುಳಿ ಇರುವ ಗ್ರೀನ್ ಮಾತ್ರ ಪಕ್ಕದ ಊರಿನಲ್ಲಿರುತ್ತಿತ್ತು.

ಯಾಕೆ ಹೀಗೆ ಅಂತ ಹಳೇ ಅಭ್ಯಾಸದಂತೆ ಲೆಕ್ಕ ಹಾಕಿದೆ. ನಿಮ್ಮ ಅಂಕಿಗಳನ್ನೇ ಇಟ್ಟುಕೊಂಡು ನೋಡೋಣ. 380 ಯಾರ್ಡಿನ ಪಾರ್ 4, ಅಂದರೆ ನಾಲ್ಕು ಹೊಡೆತದಲ್ಲಿ ಮುಗಿಸಬೇಕಾದ ಹೋಲ್. ನಿಮ್ಮ 7 ಐರನ್ 140 ಹೋಗುತ್ತದೆ ಅಂದುಕೊಳ್ಳಿ. ಉಳಿದದ್ದು 240. ಅದನ್ನು ನೀವೂ ಮುಟ್ಟುವುದಿಲ್ಲ, ನಾನೂ ಮುಟ್ಟುವುದಿಲ್ಲ. ಹಾಗಾಗಿ ಮೂರನೇ ಹೊಡೆತಕ್ಕೆ ಗ್ರೀನ್, ಅಲ್ಲಿ ಚೆಂಡು ಉರುಳಿಸಲು ಎರಡು ಪಟ್, ಒಟ್ಟು ಐದು. ಎಲ್ಲವೂ ಸರಿಯಾದರೆ ಐದು! ಅದೇ ಡ್ರೈವರ್ ಹೊಡೆದು ಚೆಂಡು ಬಲಗಡೆ ರಫ್‌ನಲ್ಲಿ (ಪಕ್ಕದ ಎತ್ತರದ ಹುಲ್ಲು) ಬಿತ್ತು ಅನ್ನಿ. ಉಳಿದದ್ದು 160. ಒಂದು ಹೈಬ್ರಿಡ್ (ಐರನ್‌ಗೂ ವುಡ್‌ಗೂ ನಡುವಿನ ಕೋಲು) ಹೊಡೆದರೆ ಗ್ರೀನ್ ಮೇಲೆ, ಇಲ್ಲವೇ ಅಂಚಿನಲ್ಲಿ. ಅಲ್ಲಿಂದ ನಾಲ್ಕಕ್ಕೂ ದಾರಿ ಇದೆ, ಐದಕ್ಕೂ ಇದೆ. ಅಂದರೆ ಐರನ್ ಹಿಡಿದಾಗ ಹೋಲಿಗೆ ಅರ್ಧ ಸ್ಟ್ರೋಕ್ (ಹೊಡೆತ) ಬಡ್ಡಿ ಕಟ್ಟಿದಂತೆ. ಪಾರ್ 72 ಕೋರ್ಸಿನಲ್ಲಿ ಸಾಮಾನ್ಯವಾಗಿ ಹತ್ತು ಪಾರ್ 4 ಇರುತ್ತವೆ. ಐದು ಸ್ಟ್ರೋಕ್ ಹೋಯಿತು.

ಈಗ ಇನ್ನೊಂದು ಕಡೆ ನೋಡಿ. ಓಬಿಗೆ ಹೋದ ಚೆಂಡಿಗೆ ಎಷ್ಟು ನಷ್ಟ? ಹೊಡೆದದ್ದು ಒಂದು, ದಂಡ ಒಂದು, ಮತ್ತೆ ಟೀಯಿಂದಲೇ ಮೂರನೆಯದು. ಚೆಂಡು ಆಟದಲ್ಲಿ ಉಳಿದಿದ್ದರೆ ಅಲ್ಲಿ ಮುಂದೆ ನಿಂತು ಎರಡನೆಯದು ಹೊಡೆಯುತ್ತಿದ್ದಿರಿ. ಅಂದರೆ ಪೂರ್ತಿ ಎರಡು ನಷ್ಟ. ಕೆಲವು ಕ್ಲಬ್‌ಗಳಲ್ಲಿ 2019ರಿಂದ ಬಂದ ಸ್ಥಳೀಯ ನಿಯಮ ಇದೆ. ಟೀಗೆ ವಾಪಸ್ ಹೋಗದೆ ಫೇರ್‌ವೇ ಅಂಚಿನಲ್ಲಿ ಚೆಂಡು ಡ್ರಾಪ್ ಮಾಡಿ ನಾಲ್ಕನೆಯದು ಹೊಡೆಯಬಹುದು. ಸಮಯ ಉಳಿಯುತ್ತದೆ, ಲೆಕ್ಕ ಅದೇ. ರೌಂಡಿಗೆ ಎರಡು ಓಬಿ ಅಂದರೆ ನಾಲ್ಕು ಸ್ಟ್ರೋಕ್.

ನಾಲ್ಕು ಉಳಿಸಲು ಐದು ಖರ್ಚು! ನಿಮ್ಮ ಗೆಳೆಯರ ಸಲಹೆಯ ಹಣೆಬರಹ ಇಷ್ಟೇ.

ಆದರೆ ಆ ಎರಡು ಓಬಿ ಎಲ್ಲಿ ಆಗುತ್ತವೆ ಅಂತ ನೋಡಿದ್ದೀರಾ? ನನ್ನ ಸ್ಕೋರ್‌ಕಾರ್ಡ್‌ಗಳನ್ನು ಸಾಲಾಗಿ ಜೋಡಿಸಿ ನೋಡಿದಾಗ ಗೊತ್ತಾಯಿತು. ಹದಿನೆಂಟರಲ್ಲಿ ಮೂರೇ ಹೋಲ್. ಪ್ರತಿ ಸಲ ಅವೇ ಮೂರು. ಮೂರರಲ್ಲೂ ಬಲಗಡೆ ಬೇಲಿ. ಆ ಮೂರರಲ್ಲಿ ಮಾತ್ರ ಚಿಕ್ಕ ಕ್ಲಬ್ (ಕೋಲು) ಹಿಡಿದರೆ ಬಡ್ಡಿ ಒಂದೂವರೆ, ಉಳಿಯುವುದು ಹೆಚ್ಚೂಕಡಿಮೆ ಆ ನಾಲ್ಕೂ. ಈ ವ್ಯವಹಾರಕ್ಕೆ ನಾನು ಕಣ್ಣು ಮುಚ್ಚಿ ಸಹಿ ಹಾಕುತ್ತೇನೆ. ಚಿಕ್ಕ ಕ್ಲಬ್ ಅಂದರೆ 7 ಐರನ್ ಅಲ್ಲ. ಡ್ರೈವರ್‌ಗಿಂತ ಒಂದಿಷ್ಟು ಚಿಕ್ಕದಾದ 5 ವುಡ್ ಅಥವಾ ಹೈಬ್ರಿಡ್.

ಚಿಕ್ಕಂದಿನಲ್ಲಿ ನಾವು ಪಿ.ಜೆ. ಬಡಾವಣೆಯ ಅಡ್ಡರಸ್ತೆಯಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಆಡುತ್ತಿದ್ದೆವು. ಒಂದು ಮನೆ ಕಾಂಪೌಂಡಿಗೆ ಬಾಲ್ ಬಿದ್ದರೆ ಔಟ್. ಆ ಮನೆ ಅಜ್ಜಿ ಬಾಲ್ ವಾಪಸ್ ಕೊಡುತ್ತಿರಲಿಲ್ಲ, ಅದಕ್ಕೇ ಆ ರೂಲು. ಹಾಗಂತ ನಾವ್ಯಾರೂ ಮೆಲ್ಲಗೆ ತಟ್ಟುತ್ತಾ ಕೂರಲಿಲ್ಲ. ಜೋರಾಗೇ ಬೀಸುತ್ತಿದ್ದೆವು, ಅಜ್ಜಿ ಮನೆ ಕಡೆ ಬಿಟ್ಟು. ಟೀ ಮೇಲೆ ನಿಂತಾಗಲೂ ನನಗೆ ಮೊದಲು ಬರುವ ಯೋಚನೆ ಅದೇ. ಅಜ್ಜಿ ಮನೆ ಯಾವ ಕಡೆ ಇದೆ? ಬಲಗಡೆ ಇದ್ದರೆ ಟೀ ಬಾಕ್ಸಿನ ಬಲ ತುದಿಯಲ್ಲೇ ಚೆಂಡಿಟ್ಟು ಎಡ ಅಂಚಿಗೆ ಗುರಿ ಹಿಡಿಯುತ್ತೇನೆ. ಮೊದಮೊದಲು ಇದು ಉಲ್ಟಾ ಅನ್ನಿಸುತ್ತದೆ. ಬಲಕ್ಕೆ ತಿರುಗುವವರು ಬಲದಿಂದ ಹೊಡೆದರೇನೇ ಎಡಗಡೆಯ ಜಾಗ ಪೂರ್ತಿ ತೆರೆದುಕೊಳ್ಳುವುದು.

ನಮ್ಮ ಊರಿನಲ್ಲಿ ಈ ಚರ್ಚೆ ಶುರುವಾದರೆ ಯಾರಾದರೂ ನಮ್ಮೂರ ಬೌಲರ್ ವಿನಯ್ ಕುಮಾರ್ ಹೆಸರು ತೆಗೆಯದೇ ಬಿಡುವುದಿಲ್ಲ. ದಾವಣಗೆರೆ ಎಕ್ಸ್‌ಪ್ರೆಸ್ ಅಂತ ಹೆಸರಿದ್ದರೂ ಅವರ ಬಂಡವಾಳ ವೇಗ ಅಲ್ಲ, ಲೈನ್ ಅಂಡ್ ಲೆಂತ್. ಅವರ ನಾಯಕತ್ವದಲ್ಲೇ ಕರ್ನಾಟಕ 2013-14 ಮತ್ತು 2014-15ರಲ್ಲಿ ಸತತ ಎರಡು ರಣಜಿ ಗೆದ್ದದ್ದು. "ನೋಡ್ರಿ, ವೇಗಕ್ಕಿಂತ ನಿಖರತೆ ದೊಡ್ಡದು" ಅಂತ ನನ್ನ ಭಾವಮೈದ ಗಾಲ್ಫಿಗೂ ಅದೇ ನ್ಯಾಯ ಹಚ್ಚುತ್ತಾನೆ. ವಿನಯ್ ಮೇಲೆ ನನಗೂ ಅಭಿಮಾನ ಇದೆ, ಆದರೆ ಹೋಲಿಕೆ ಸರಿ ಕೂಡುವುದಿಲ್ಲ. ಬೌಲರ್ ಹಾಕಬೇಕಾದ್ದು ಒಂದು ಕರವಸ್ತ್ರದಷ್ಟು ಜಾಗಕ್ಕೆ. ಫೇರ್‌ವೇ ಅಗಲ ಸುಮಾರು 30 ಯಾರ್ಡ್. ಕ್ರಿಕೆಟ್ ಪಿಚ್ಚಿನ ಉದ್ದವೇ 22 ಯಾರ್ಡ್ ತಾನೇ? ಪಿಚ್ಚನ್ನು ಫೇರ್‌ವೇಗೆ ಅಡ್ಡ ಮಲಗಿಸಿದರೂ ಜಾಗ ಮಿಗುತ್ತದೆ. ಅದರಾಚೆ ಎರಡೂ ಕಡೆ ರಫ್ ಬೇರೆ. ಅಲ್ಲಿ ಬಿದ್ದರೆ ಔಟೇನೂ ಅಲ್ಲ.

ದೂರ ಹೊಡೆದಷ್ಟೂ ಪಕ್ಕಕ್ಕೆ ಹೋಗುತ್ತದೆ ಅನ್ನುವುದು ನಿಜ. ಎಷ್ಟು ಅನ್ನುವುದನ್ನು ಮಾತ್ರ ಜನ ಕೇಳುವುದಿಲ್ಲ. ಗುರಿಯಿಂದ 5 ಡಿಗ್ರಿ ತಪ್ಪಿತು ಅನ್ನಿ. 150 ಯಾರ್ಡಿನಲ್ಲಿ ಅದು 13 ಯಾರ್ಡ್ ಪಕ್ಕಕ್ಕೆ. 220ರಲ್ಲಿ 19. ಆರು ಯಾರ್ಡ್ ಜಾಸ್ತಿ ಪಕ್ಕಕ್ಕೆ ಹೋಗಿ ಎಪ್ಪತ್ತು ಯಾರ್ಡ್ ಮುಂದೆ ಹೋದ ಹಾಗಾಯಿತು. ಡ್ರೈವರ್‌ಗೆ ಲಾಫ್ಟ್ (ಮುಖ ಹಿಂದಕ್ಕೆ ವಾಲಿರುವ ಕೋನ) ಕಡಿಮೆ, ಹಾಗಾಗಿ ಅದೇ ತಪ್ಪಿಗೆ ಚೆಂಡು ಗಾಳಿಯಲ್ಲಿ ಇನ್ನಷ್ಟು ತಿರುಗುತ್ತದೆ. ಅದನ್ನೂ ಸೇರಿಸಿಕೊಳ್ಳಿ. ಆದರೂ ಬೇಲಿ ಇಲ್ಲದ ಹೋಲಿನಲ್ಲಿ ನಾನು ಡ್ರೈವರನ್ನೇ ಹಿಡಿಯುತ್ತೇನೆ.

ಇದು ನನ್ನೊಬ್ಬನ ತರ್ಕ ಅಲ್ಲ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಬ್ರಾಡಿ ಅಂತ ಒಬ್ಬರು ಪ್ರೊಫೆಸರ್. ಬಿಸಿನೆಸ್ ಸ್ಕೂಲಿನವರು, ಹಾಗಾಗಿ ನಮ್ಮ ಪೈಕಿ ಅಂತಲೇ ನನ್ನ ಲೆಕ್ಕ. ಲಕ್ಷಗಟ್ಟಲೆ ಹೊಡೆತಗಳ ದಾಖಲೆ ಇಟ್ಟುಕೊಂಡು, ಪ್ರತಿ ಹೊಡೆತ ಎಷ್ಟು ಲಾಭ ತಂದಿತು, ಎಷ್ಟು ನಷ್ಟ ಮಾಡಿತು ಅಂತ ಲೆಕ್ಕ ಹಾಕಿದರು. ಅದಕ್ಕೆ ಸ್ಟ್ರೋಕ್ಸ್ ಗೇನ್ಡ್ ಅಂತ ಹೆಸರು. 2011ರಲ್ಲಿ ಅಮೆರಿಕದ ವೃತ್ತಿಪರ ಸರಣಿಯಾದ ಪಿಜಿಎ ಟೂರ್ ಮೊದಲು ಪಟ್ಟಿಂಗಿಗೆ ಅದನ್ನು ಅಳವಡಿಸಿಕೊಂಡಿತು. ಡ್ರೈವ್ ತೋರಿಕೆಗೆ, ಪಟ್ ದುಡ್ಡಿಗೆ ಅಂತ ಗಾಲ್ಫಿನಲ್ಲಿ ಒಂದು ಹಳೇ ಮಾತಿದೆ. ಇವರ ಲೆಕ್ಕ ಅದನ್ನು ತಲೆಕೆಳಗು ಮಾಡಿತು. ಒಳ್ಳೆ ಆಟಗಾರನಿಗೂ ಸಾಧಾರಣ ಆಟಗಾರನಿಗೂ ಇರುವ ವ್ಯತ್ಯಾಸದಲ್ಲಿ ಸುಮಾರು ಮೂರನೇ ಎರಡು ಪಾಲು ಬರುವುದು ದೂರದ ಹೊಡೆತಗಳಿಂದ. ಡ್ರೈವ್ 20 ಯಾರ್ಡ್ ಜಾಸ್ತಿಯಾದರೆ ಟೂರ್ ಆಟಗಾರನಿಗೆ ರೌಂಡಿಗೆ ಮುಕ್ಕಾಲು ಸ್ಟ್ರೋಕ್ ಲಾಭ. ನಮ್ಮಂಥವರಿಗೆ ಅದಕ್ಕಿಂತ ಜಾಸ್ತಿ. ಅಂದಹಾಗೆ ಆ 20 ಯಾರ್ಡ್ ಪುಕ್ಕಟೆ ಬೇಕಾದರೆ ಗ್ರೀನ್‌ಗೆ ಹತ್ತಿರ ಇರುವ ಮುಂದಿನ ಟೀಯಿಂದ ಆಡಿ. ಗಂಡಸರಿಗೆ ಇದನ್ನು ಹೇಳಿದರೆ ಮುಖ ಕೆಂಪಾಗುತ್ತದೆ, ಯಾಕೋ ಗೊತ್ತಿಲ್ಲ.

ಭಾರೀ ದೂರ ಹೊಡೆಯುವ ಅಮೆರಿಕದ ಗಾಲ್ಫರ್ ಬ್ರೈಸನ್ ಡಿಶಾಂಬೋ ಹೆಸರನ್ನೂ ನೀವು ಬರೆದಿದ್ದೀರಿ. 2020ರ ಯುಎಸ್ ಓಪನ್‌ನಲ್ಲಿ ಆತ 56 ಫೇರ್‌ವೇಗಳಲ್ಲಿ ಸಿಕ್ಕಿಸಿದ್ದು 23 ಮಾತ್ರ. ಆದರೂ ಆರು ಸ್ಟ್ರೋಕ್ ಅಂತರದಲ್ಲಿ ಗೆದ್ದ. ರಫ್‌ನಲ್ಲಿದ್ದರೂ ಗ್ರೀನ್‌ಗೆ ಅಷ್ಟು ಹತ್ತಿರ ಇರುತ್ತಿದ್ದ. ಆದರೆ ಆ ದಪ್ಪ ರಫ್‌ನಿಂದ ಚೆಂಡು ಎತ್ತುವ ತೋಳು ನನ್ನದೂ ಅಲ್ಲ, ನಿಮ್ಮದೂ ಅಲ್ಲ. ಹಾಗಂತ ಬೆಂಗಳೂರಿನ ಗಾಲ್ಫರ್ ಅದಿತಿ ಅಶೋಕ್ ಹೆಸರು ಹೇಳಿ ನಿಮ್ಮ ಗೆಳೆಯರು ವಾದಿಸಿದರೆ ಅದನ್ನೂ ಒಪ್ಪಬೇಡಿ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅದಿತಿ ಆ 60 ಜನರಲ್ಲಿ ಕಡಿಮೆ ದೂರ ಹೊಡೆಯುವವರ ಪೈಕಿ ಇದ್ದರು. ನಾಲ್ಕನೇ ಸ್ಥಾನ ಬಂತು, ಕಂಚು ಒಂದೇ ಹೊಡೆತದಲ್ಲಿ ತಪ್ಪಿತು. ಆ ಶನಿವಾರ ಬೆಳಿಗ್ಗೆ ನಾನು ತಿಂಡಿ ತಿನ್ನದೆ ಟಿವಿ ಮುಂದೆ ಕೂತಿದ್ದೆ. ಆದರೆ ಅವರನ್ನು ಅಲ್ಲಿವರೆಗೆ ಕರೆದೊಯ್ದದ್ದು ಅದ್ಭುತವಾದ ಪಟ್ಟಿಂಗ್. ಅಂಥ ಪಟ್ಟಿಂಗ್ ಇದ್ದರೆ ನೀವು 7 ಐರನ್ ಹೊಡೀರಿ, ನನ್ನ ತಕರಾರಿಲ್ಲ.

ಈಗ ಅಭ್ಯಾಸದ ವಿಷಯ. ನಮ್ಮ ಮಟ್ಟದಲ್ಲಿ ದೂರವೂ ನೇರವೂ ಬೇರೆ ಬೇರೆ ಅಲ್ಲ. ಚೆಂಡು ಡ್ರೈವರ್ ಮುಖದ ನಡುವಿಗೆ ಬಿದ್ದರೆ ಎರಡೂ ಸಿಗುತ್ತವೆ. ಹಿಡಿಕೆ ಕಡೆಗೆ, ಅಂದರೆ ಹೀಲ್‌ಗೆ ತಗುಲಿದರೆ ವೇಗವೂ ಸಾಯುತ್ತದೆ, ಬಲಕ್ಕೆ ತಿರುಗುವುದೂ ಜಾಸ್ತಿಯಾಗುತ್ತದೆ. ನಿಮ್ಮದು ಎಲ್ಲಿ ತಗುಲುತ್ತಿದೆ ಅಂತ ನೋಡಲು ಸೀಮೆಸುಣ್ಣ ಪುಡಿ ಮಾಡಿ ಮುಖಕ್ಕೆ ತೆಳ್ಳಗೆ ಬಳಿಯಿರಿ. ಹೊಡೆದ ಜಾಗದಲ್ಲಿ ಗುಂಡಗೆ ಗುರುತು ಬೀಳುತ್ತದೆ. ನಾನು ಮೊದಲ ಸಲ ಹಾಗೆ ಮಾಡಿದ ದಿನ ನಮ್ಮ ಮನೆಯವರು ನೋಡಿ "ಕೋಲಿಗೂ ವಿಭೂತಿ ಹಚ್ಚಿದ್ರಾ, ಪೂಜೆ ಯಾವಾಗ?" ಅಂದರು. ಹತ್ತು ಹೊಡೆತದಲ್ಲಿ ಎಂಟು ಗುರುತು ಹೀಲ್ ಕಡೆಯೇ! ಚೆಂಡಿನಿಂದ ಒಂದಿಷ್ಟು ಹಿಂದೆ ಸರಿದು ನಿಂತೆ, ಅಷ್ಟೇ. ಅರ್ಧ ರೋಗ ಹೋಯಿತು. ಉಳಿದರ್ಧ ಕ್ಲಬ್ ಮುಖ ಬಲಕ್ಕೆ ತೆರೆದುಕೊಳ್ಳುವುದು. ಚೆಂಡು ಹೊರಡುವ ದಿಕ್ಕನ್ನು ಬಹುಪಾಲು ನಿರ್ಧರಿಸುವುದು ಕ್ಲಬ್ಬಿನ ಮುಖ. ಆ ಮುಖಕ್ಕೂ ಕ್ಲಬ್ ಬರುವ ದಾರಿಗೂ ಇರುವ ವ್ಯತ್ಯಾಸದಿಂದ ಚೆಂಡು ತಿರುಗುತ್ತದೆ. ಅದಕ್ಕೆ ಒಂದೆರಡು ಸಲ ಕೋಚ್ ಹತ್ತಿರ ಹೋಗಿ, ಮೊಬೈಲ್ ವಿಡಿಯೊ ನೋಡಿ ಸುಮ್ನೆ ಒದ್ದಾಡಬೇಡಿ.

ಕೋರ್ಸ್ ಇಲ್ಲದ ಊರಿನಲ್ಲಿ ಎಲ್ಲಿ ಹೊಡೆಯಲಿ ಅಂತೀರಾ? ಮಲೇಬೆನ್ನೂರು ಕಡೆ ನಮ್ಮ ಸೋದರಮಾವನ ಗದ್ದೆ ಇದೆ. ಭತ್ತ ಕೊಯ್ದು ಹುಲ್ಲು ಒಟ್ಟಿದ ಮೇಲೆ ಕೆಲವು ವಾರ ನನಗೇ ಬಿಟ್ಟುಕೊಡುತ್ತಾರೆ. ದೂರದ ಬಣವೆ ಗುರಿ. ಬಲಗಡೆ ಭದ್ರಾ ಕಾಲುವೆ, ಅದೇ ಅಜ್ಜಿ ಮನೆ. ಸುತ್ತ ಜನ, ದನ ಯಾರೂ ಇಲ್ಲ ಅಂತ ನೋಡಿಕೊಂಡು ಮೂವತ್ತು ಹಳೇ ಚೆಂಡು ಹೊಡೆಯುತ್ತೇನೆ. ಆಮೇಲೆ ಮುಖ್ಯ ಕೆಲಸ. ಎಡ ತುದಿಯ ಚೆಂಡಿನಿಂದ ಬಲ ತುದಿಯ ಚೆಂಡಿನವರೆಗೆ ಹೆಜ್ಜೆ ಹಾಕಿ ಎಣಿಸುತ್ತೇನೆ. ತೀರಾ ಕೆಟ್ಟ ಎರಡನ್ನು ಬಿಟ್ಟುಬಿಡಿ. ನನ್ನದು ಮೊದಲು ಎಂಬತ್ತು ಹೆಜ್ಜೆ ಬಂತು. ನಾಚಿಕೆ ಆಯಿತು. ಈಗ ಐವತ್ತೈದು. ನಿಮ್ಮ ಅಗಲ ಎಷ್ಟು ಅಂತ ಗೊತ್ತಿದ್ದರೆ ಕೋರ್ಸಿನಲ್ಲಿ ತೀರ್ಮಾನ ಸುಲಭ. ಆ ಅಗಲವನ್ನು ಹೋಲಿನ ಮೇಲೆ ಕಣ್ಣಲ್ಲೇ ಹಾಸಿ. ಬಲ ತುದಿ ಬೇಲಿ ದಾಟುತ್ತದಾ? ಗುರಿ ಎಡಕ್ಕೆ ಸರಿಸಿ. ಸರಿಸಿದರೆ ಎಡಗಡೆ ನೀರು ಬರುತ್ತದಾ? ಹಾಗಿದ್ದರೆ ಮಾತ್ರ ಡ್ರೈವರ್ ಒಳಗಿಟ್ಟು ಹೈಬ್ರಿಡ್ ತೆಗೆಯಿರಿ.

ಹೊಸ ಡ್ರೈವರ್‌ಗೆ ಐವತ್ತು, ಅರವತ್ತು ಸಾವಿರ ಸುರಿಯುವ ಮುಂಚೆ ಈಗಿರುವುದರ ಲಾಫ್ಟ್ ಎಷ್ಟು ಅಂತ ತಳದಲ್ಲಿ ನೋಡಿ. 9 ಡಿಗ್ರಿ ಅಂತಿದ್ದರೆ ಅದನ್ನು ಮಾರಿ ಸೆಕೆಂಡ್ ಹ್ಯಾಂಡ್‌ನಲ್ಲಿ 12 ಡಿಗ್ರಿಯದು ಹುಡುಕಿ. ನಮ್ಮ ವೇಗಕ್ಕೆ ಲಾಫ್ಟ್ ಜಾಸ್ತಿ ಇದ್ದರೇನೇ ಚೆಂಡು ಗಾಳಿಯಲ್ಲಿ ನಿಲ್ಲುವುದು. ತಿರುಗುವುದೂ ಕಡಿಮೆ.

ಗಾಳಿ ಅಂದಾಗ ನೆನಪಾಯಿತು. ನಿಮ್ಮ ಜೋಗಿಮಟ್ಟಿ ಕಡೆ ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸಿರುವುದು ಸುಮ್ಮನೆ ಅಲ್ಲವಲ್ಲ. ಆ ಸುತ್ತ ಬಯಲಿನಲ್ಲಿ ಅಭ್ಯಾಸ ಮಾಡುವುದಾದರೆ ಎದುರು ಗಾಳಿಯಲ್ಲಿ ನಿಮ್ಮ ಸ್ಲೈಸ್ (ಚೆಂಡು ಬಲಕ್ಕೆ ತಿರುಗುವುದು) ಇನ್ನೂ ದೊಡ್ಡದಾಗಿ ಕಾಣುತ್ತದೆ. ಗಾಬರಿಯಾಗಿ ಸ್ವಿಂಗ್ ಬದಲಾಯಿಸಬೇಡಿ. ಗಾಳಿ ಇಲ್ಲದ ಬೆಳಗಿನ ಹೊತ್ತು ಹೋಗಿ ಹೆಜ್ಜೆ ಎಣಿಸಿ.